ಏಳಲು ತಡ

ನ್ಯೂವೆಗೈನ್
6 ಏಪ್ರಿಲ್ 2025

ನಾಗಮಣಿ,

ನಿನ್ನ ವಿಳಾಸ ಬದಲಾಗಿರದಿದ್ದರೆ ಇದು ನಿನ್ನ ಕೈಸೇರುತ್ತದೆ. ನಾಲ್ಕು ವರ್ಷವಾಯಿತು. ಹೇಗಿದ್ದೀ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ಮೊದಲು ನನ್ನ ಸಮಾಚಾರವನ್ನೇ ಬರೆಯುತ್ತೇನೆ. ಬೇಡವಾದರೆ ಇಲ್ಲಿಗೇ ಮಡಿಚಿಡು.

ಹೋದ ವರ್ಷ ಬ್ಯಾಂಕಿನ ಕೆಲಸ ಬಿಟ್ಟೆ. ಈಗ ಮನೆಯಿಂದ ಸೈಕಲ್ಲಿನಲ್ಲಿ ಹನ್ನೆರಡು ನಿಮಿಷದ ದಾರಿ, ಟೈಲ್ಸ್ ಗೋದಾಮಿನ ಪಕ್ಕದಲ್ಲಿ ಒಂದು ಸಣ್ಣ ಕಂಪನಿ. ಆಟದ ವಿಡಿಯೋಗಳನ್ನು ನೋಡಿ ಅಂಕಿಗಳಾಗಿಸುವುದು ನಮ್ಮ ಕೆಲಸ. ನಗಬೇಡ. ಎಂ.ಎಸ್ಸಿ.ಯಲ್ಲಿ ನಾವಿಬ್ಬರೂ ಹಾಸ್ಟೆಲಿನ ಮಹಡಿ ಮೆಟ್ಟಿಲ ಮೇಲೆ ಕೂತು ಬಾಯಿಪಾಠ ಮಾಡಿದ ಸಂಖ್ಯಾಶಾಸ್ತ್ರ ಕೊನೆಗೆ ಇಲ್ಲಿಗೆ ಬಂದು ನಿಂತಿತು. ಅದರಲ್ಲೂ ನಾನು ನೋಡುವುದು ನಿನ್ನ ಕಾಂಗರೂ ದೇಶದ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಬಹುದು, ಚೆಂಡು ಹಿಡಿದವಳನ್ನು ತಬ್ಬಿ ಕೆಡವಬಹುದು. ಒಂದು ಸಂಜೆ ಮನೆಯಲ್ಲಿ ಗೋವಿಂದರಾಜು ನನ್ನ ಬೆನ್ನ ಹಿಂದೆ ನಿಂತು ನೋಡಿ, "ಇದೇನೇ ಇದು, ಮದುವೆ ಮನೇಲಿ ಎರಡನೇ ಪಂಕ್ತಿಗೆ ಜಾಗ ಹಿಡಿಯೋಕೆ ನುಗ್ಗಿದ ಹಾಗಿದೆ. ಇದಕ್ಕೆ ರೂಲ್ಸ್ ಬೇರೆ ಇದೆಯಾ?" ಎಂದರು.

ಅಲ್ಲಿಯ ಒಂದು ಮಹಿಳಾ ಕ್ಲಬ್ಬು ನಮಗೆ ಈ ಕೆಲಸ ಕೊಟ್ಟಿದೆ. ಡಿಸೆಂಬರಿನಲ್ಲಿ ಡ್ರಾಫ್ಟ್ ಎಂದು ನಡೆಯುತ್ತದಲ್ಲ, ಎಲ್ಲ ಕ್ಲಬ್ಬುಗಳೂ ಸರದಿಯ ಮೇಲೆ ಹದಿನೆಂಟರ ಹುಡುಗಿಯರ ಹೆಸರು ಕೂಗಿ ತಮ್ಮ ತಂಡಕ್ಕೆ ತೆಗೆದುಕೊಳ್ಳುವ ದಿನ. ಅದಕ್ಕೆ ಯಾರು ಯೋಗ್ಯರೆಂದು ನಾವಿಲ್ಲಿ ಕೂತು ವಾದಿಸಿ, ಪಟ್ಟಿ ಮಾಡಿ ಕಳಿಸಬೇಕು. ಹೆಸರು ಕಂಡರೆ ಮನಸ್ಸು ವಾಲುತ್ತದೆಂದು ನಮಗೆ ಹೆಸರು ಕೊಡುವುದಿಲ್ಲ, ಬರೀ ಸಂಖ್ಯೆ.

ನಿನ್ನ ಮಗಳು ಹಿತಾ ಈಗ ಎಷ್ಟು ಎತ್ತರವಾಗಿದ್ದಾಳೆ? ನಾನು ಕೊನೆಯ ಸಲ ಕಂಡಾಗ ಅವಳಿಗೆ ಎಂಟು.

ನಿಮ್ಮಮ್ಮನ ವಿಷಯ ಬರೆಯಲು ಮೂರು ಸಲ ಶುರುಮಾಡಿದೆ. ಹಾಳೆ ಬದಲಿಸಿದ್ದೇನೆ, ಅಷ್ಟೆ.

ನಿನ್ನ
ಪದ್ಮಿನಿ

*

ಬೆಂಡಿಗೋ
2 ಮೇ 2025

ಪದ್ಮಿನಿ,

ಕಾಗದ ತಲುಪಿತು.

ನಮ್ಮಮ್ಮ ಎರಡು ವರ್ಷ ಪ್ರತಿ ಭಾನುವಾರ ನಿನ್ನನ್ನು ಹಾಸ್ಟೆಲಿನಿಂದ ಕರೆಸಿ ಊಟಕ್ಕೆ ಹಾಕಿದಳು. ನಿನಗೆ ಬದನೆಕಾಯಿ ಆಗುವುದಿಲ್ಲವೆಂದು ನನಗೂ ಮಾಡುತ್ತಿರಲಿಲ್ಲ. ಅವಳು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಹೋದಾಗ ಕೋವಿಡ್ಡಿನಿಂದ ಇಲ್ಲಿ ಗಡಿ ಮುಚ್ಚಿತ್ತು, ನಾನು ಅಡುಗೆಮನೆಯಲ್ಲಿ ಫೋನು ಹಿಡಿದು ನಿಂತಿದ್ದೆ. ಆಗ ನೀನು ಕಳಿಸಿದ್ದು ಮುಗಿದ ಎರಡು ಕೈಗಳ ಒಂದು ಪುಟ್ಟ ಚಿತ್ರ. ಅವತ್ತೇ ನಿನ್ನ ನಂಬರು ಬ್ಲಾಕ್ ಮಾಡಿದೆ. ಅದನ್ನು ತೆಗೆಯುವುದಿಲ್ಲ. ಬರೆಯುವುದಾದರೆ ಹೀಗೆ ಕೈಯಲ್ಲೇ ಬರೆ. ಬೆರಳು ನೋಯಲಿ.

ಇನ್ನು ಹಿತಾ. ನಿನ್ನ ಕಾಗದ ಓದಿ ನಾನೂ ರಮೇಶನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಒಂಬತ್ತನೇ ವರ್ಷದಿಂದ ಆ ಆಟ ಆಡುತ್ತಿದ್ದಾಳೆ. ಈ ವರ್ಷದ ಡ್ರಾಫ್ಟಿಗೆ ಹೆಸರು ಕೊಟ್ಟಿದ್ದಾಳೆ. ವಾರಕ್ಕೆ ಮೂರು ದಿನ ರಮೇಶ ಆಫೀಸಿನಿಂದ ಬಂದವನೇ ಶೂ ಬಿಚ್ಚದೆ ಅವಳನ್ನು ಕಾರಿನಲ್ಲಿ ಅಭ್ಯಾಸಕ್ಕೆ ಕರೆದೊಯ್ಯುತ್ತಾನೆ. ಬೇರೆ ಏನೂ ಬೇಡ ಅವಳಿಗೆ. ಕಾಲೇಜಿನ ಅರ್ಜಿ ತುಂಬಲು ಕೂರಿಸಿದರೆ ಪೆನ್ನು ಕಚ್ಚುತ್ತಾ ಕೂರುತ್ತಾಳೆ. "ಇದು ಆಗ್ಲಿಲ್ಲ ಅಂದ್ರೆ ಪ್ಲಾನ್ ಬಿ ಏನಮ್ಮಾ?" ಎಂದು ರಮೇಶ ಕೇಳಿದರೆ, "ಪ್ಲಾನ್ ಎ, ಅಗೇನ್" ಅನ್ನುತ್ತಾಳೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಒಂದು ಪಂದ್ಯ ನೋಡಿದ್ದಳು. ಮುಗಿದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು, "ಚೆಂಡನ್ನ ಒದಿ, ಬೇಡ ಅನ್ನಲ್ಲ. ಮನುಷ್ಯರಿಗೆ ಕಾಲು ತಗಲಿದ್ರೆ ಮಾತ್ರ ಸುಮ್ಮನೆ ಬರಬಾರ್ದು" ಎಂದಿದ್ದಳು.

ಇದನ್ನೆಲ್ಲ ಬರೆದಿದ್ದು ನಿನ್ನಿಂದ ಏನಾದರೂ ಆಗಲೆಂದಲ್ಲ. ನೀನು ಎತ್ತರ ಕೇಳಿದ್ದೆ. ಐದಡಿ ಏಳು.

ನಾಗಮಣಿ

*

ನ್ಯೂವೆಗೈನ್
1 ಜೂನ್ 2025

ನಾಗಮಣಿ,

ನಿನ್ನ ಮೊದಲ ಪುಟದ ಮಾತು ನಿಜ. ಅವತ್ತು ಏನು ಬರೆದರೂ ಚಿಕ್ಕದಾಗುತ್ತದೆಂದು ಕೂತಿದ್ದೆ. ಕೊನೆಗೆ ಎಲ್ಲಕ್ಕಿಂತ ಚಿಕ್ಕದನ್ನೇ ಕಳಿಸಿದೆ.

ಇನ್ನೊಂದು ಸಂಗತಿ. ಇದನ್ನು ನಿಧಾನವಾಗಿ ಓದು.

ನಮ್ಮ ಆಫೀಸಿನಲ್ಲಿ ಈಶಾನ್ ಎಂಬ ಹುಬ್ಬಳ್ಳಿಯವನಿದ್ದಾನೆ. ಡೆಲ್ಫ್ಟಿನಲ್ಲಿ ಓದು ಮುಗಿಸಿ ಬಂದವನು. ಅವನಿಗೂ ನನಗೂ ಏಪ್ರಿಲಿನಿಂದ ಒಂದೇ ಜಗಳ. ಅವನಿಗೆ ಆರನೇ ಸಂಖ್ಯೆಯ ಹುಡುಗಿ ಇಷ್ಟ, ನನಗೆ ಇಪ್ಪತ್ತಮೂರು. "ಮೇಡಂ, ಆರು ನೋಡ್ರಿ, ಎಡಗಾಲಿಂದ ಒದ್ಲಂದ್ರ ನಲವತ್ತು ಮೀಟರ್ ಹೊಕ್ಕೈತಿ. ನಿಮ್ಮ ಇಪ್ಪತ್ಮೂರು ಬಿದ್ದಕಿ ಏಳೂದ್ರಾಗ ಆಟ ಮುಂದಿನ ಊರಿಗೆ ಹೋಗಿರ್ತೈತ್ರಿ" ಎಂದು ಅವನ ಗೇಲಿ. ಅದು ಸುಳ್ಳಲ್ಲ. ಗುಂಪಿನೊಳಗೆ ನುಗ್ಗಿ ಚೆಂಡು ಕಿತ್ತುಕೊಳ್ಳುವುದರಲ್ಲಿ ಇಪ್ಪತ್ತಮೂರನ್ನು ಮೀರಿಸುವವರಿಲ್ಲ. ಆದರೆ ಮೈಗೆ ಮೈ ತಾಗಿ ಬಿದ್ದಾಗೆಲ್ಲ ಅವಳು ಒಂದು ಸೆಕೆಂಡು, ಕೆಲವೊಮ್ಮೆ ಒಂದೂವರೆ, ಅಲ್ಲೇ ನಿಂತುಬಿಡುತ್ತಾಳೆ. ಅಂಥದ್ದನ್ನು ಹಿಡಿಯಲೆಂದೇ "ಏಳಲು ತಡ" ಎಂದು ಒಂದು ಕಾಲಂ ಇದೆ. ಅದನ್ನು ಹಾಕಿಸಿದವಳು ನಾನು. ಅವಳ ಎದುರು ಎರಡು ತಿಂಗಳಲ್ಲಿ ನಲವತ್ತೊಂದು ಗುರುತು, ಎಲ್ಲವೂ ನನ್ನ ಕೈಯದೇ. ಅದರಿಂದಲೇ ಅವಳು ಪಟ್ಟಿಯಲ್ಲಿ ಹದಿನೇಳಕ್ಕೆ ಇಳಿದಿದ್ದಳು.

ಹೋದ ಗುರುವಾರ ಮೈದಾನದ ಅಂಚಿನ ಕ್ಯಾಮೆರಾದ ವಿಡಿಯೋ ಬಂತು. ಇಷ್ಟು ದಿನ ನಾವು ನೋಡಿದ್ದೆಲ್ಲ ಎತ್ತರದಿಂದ ತೆಗೆದದ್ದು, ಮುಖ ಕಾಣುತ್ತಿರಲಿಲ್ಲ. ಇಪ್ಪತ್ತಮೂರು ಬಿದ್ದಳು. ಅವಳ ಬೂಟು ಎದುರಾಳಿಯ ಮೀನಖಂಡಕ್ಕೆ ತಾಗಿತು. ಎದ್ದಳು, ಬಗ್ಗಿ ಆ ಹುಡುಗಿಯ ಭುಜ ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಓಡಿದಳು.

ನಾನು ವಿಡಿಯೋ ನಿಲ್ಲಿಸಿದೆ. ನಿನ್ನ ಮೂಗು ಕಣೇ ಅವಳದು.

ನಲವತ್ತೊಂದನ್ನೂ ಮತ್ತೆ ನೋಡಿದೆ. ಮೂವತ್ತೆಂಟು ಅದೇ. ನಾನು ಬೆವರು ಒರೆಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಈ ದೇಶಕ್ಕೆ ಬಂದು ಹದಿನಾರು ವರ್ಷ, ಟ್ರಾಮಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ನಾನೂ ಈಗ ಸಾರಿ ಎಂದು ಮುಂದೆ ಹೋಗುತ್ತೇನೆ. ಆದರೂ ನನಗೆ ಗೊತ್ತಾಗಬೇಕಿತ್ತು.

ಪರಿಚಯದವರು ಪಟ್ಟಿಯಲ್ಲಿದ್ದರೆ ಹೇಳಿ ಹೊರಗುಳಿಯಬೇಕೆಂಬುದು ಇಲ್ಲಿಯ ನಿಯಮ. ನಾನು ಹೊರಗುಳಿದರೆ ಆ ಒಂದು ಸೆಕೆಂಡಿನ ಅರ್ಥ ಹೇಳುವವರು ಆ ಕೋಣೆಯಲ್ಲಿ ಇರುವುದಿಲ್ಲ. ಒಳಗಿದ್ದರೆ ಮೋಸ. ಏನು ಮಾಡಬೇಕೆಂದು ತೋಚುತ್ತಿಲ್ಲ. ಹಿತಾಗೆ ದಯವಿಟ್ಟು ಹೇಳಬೇಡ. ನಿನಗೆ ಬರೆದದ್ದೇಕೆಂದರೆ, ನಿನಗೆ ಬರೆಯದೆ ಉಳಿಸಿಕೊಂಡದ್ದು ಈಗಾಗಲೇ ಬಹಳವಿದೆ.

ಪದ್ಮಿನಿ

*

ಬೆಂಡಿಗೋ
20 ಜೂನ್ 2025

ಪದ್ಮಿನಿ,

ಹೇಳಬೇಡ ಎಂದಿದ್ದೀ. ನನಗೆ ತಿಳಿಸಿ, ನಾನು ಸುಮ್ಮನಿರಬೇಕು ಎಂದರೆ ಹೇಗೆ? ಹೆತ್ತವಳು ನಾನು. ಅವತ್ತೇ ಹೇಳಿದೆ.

ಅವಳು ಮೊದಲು ನಂಬಲೇ ಇಲ್ಲ. "ಐ ಡೋಂಟ್ ಡೂ ದಟ್, ಅಮ್ಮಾ." ರಮೇಶ ತನ್ನ ಫೋನಿನಲ್ಲಿದ್ದ ಪಂದ್ಯ ತೋರಿಸಿದ. ಅವಳು ಅದನ್ನು ಹಿಂದೆ ಓಡಿಸಿ ಮತ್ತೆ ನೋಡಿದಳು. ಆಮೇಲೆ, "ನಾನು ಮಾಡಲ್ಲ. ಅದು ಆಗತ್ತೆ ಅಷ್ಟೆ" ಎಂದಳು.

ಬಿಡಿಸುವುದು ಹೇಗೆಂದು ಅಪ್ಪ ಮಗಳೇ ಕೂತು ಒಂದು ಉಪಾಯ ಮಾಡಿದರು. ಹಿತ್ತಲಿನ ಹುಲ್ಲಿನ ಮೇಲೆ ರಮೇಶ ಮಲಗುತ್ತಾನೆ. ಅವಳು ಓಡಿಬಂದು, ಅವನಿಗೆ ಕಾಲು ತಗಲಿಸಿ, ನಿಲ್ಲದೆ ಬಟ್ಟೆ ಒಣಗಿಸುವ ಕಂಬದವರೆಗೆ ಓಡಬೇಕು. ಮೊದಲ ದಿನ ಹನ್ನೊಂದು ಸಲ ಪ್ರಯತ್ನಿಸಿದಳು, ಹನ್ನೊಂದು ಸಲವೂ ಕೈ ಕಣ್ಣಿಗೆ ಹೋಯಿತು. ಅತ್ತಳು. "ಅಪ್ಪಾ, ಬೇರೆ ಯಾರಾದ್ರೂ ಮಲಗ್ಲಿ" ಎಂದಳು. "ನನ್ನನ್ನೇ ದಾಟಿ ಹೋದ್ರೆ ಇನ್ಯಾರನ್ನಾದ್ರೂ ದಾಟ್ತೀಯ, ಓಡು" ಎಂದ ಅವನು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, ನಿನ್ನ ಗಂಡನಿಗೆ ಹುಷಾರಿಲ್ಲವೇ ಎಂದು ಕೇಳಿದಳು.

ಆರನೇ ದಿನ ಅವಳು ಅವನ ತೊಡೆಯನ್ನು ತುಳಿದು, ಕೈ ಮುಷ್ಟಿ ಬಿಗಿದುಕೊಂಡು ಕಂಬದವರೆಗೆ ಓಡಿದಳು. ರಮೇಶ ಮಲಗಿದಲ್ಲೇ ಚಪ್ಪಾಳೆ ತಟ್ಟಿದ. ನಾನು ಒಳಗೆ ಬಂದುಬಿಟ್ಟೆ.

ಈಗ ನಿನ್ನ ಕಾಲಮ್ಮಿನಲ್ಲಿ ಗುರುತು ಬೀಳುವುದಿಲ್ಲ, ನೋಡುತ್ತಿರು.

ನಾಗಮಣಿ

*

ನ್ಯೂವೆಗೈನ್
27 ಜೂನ್ 2025

ನಾಗಮಣಿ,

ನಿನ್ನ ಉತ್ತರಕ್ಕೆ ಕಾಯಲಾಗಲಿಲ್ಲ. ನಿನ್ನೆ ಹೇಳಿಬಿಟ್ಟೆ.

ವಾರದ ಸಭೆಯಲ್ಲಿ ನಾನು ಎದ್ದು ನಿಂತು, ಇಪ್ಪತ್ತಮೂರನೆಯವಳು ನನ್ನ ಗೆಳತಿಯ ಮಗಳು, ಇವತ್ತಿನಿಂದ ನಾನು ಈ ಚರ್ಚೆಯಲ್ಲಿಲ್ಲ, ಹೋಗುವ ಮೊದಲು ಒಂದು ವಿವರಣೆ ಕೊಡುತ್ತೇನೆ ಎಂದೆ. ನಮ್ಮ ಮುಖ್ಯಸ್ಥೆ ಮಾರ್ಲೂಸ್ ಕಾಫಿ ಲೋಟ ಕೆಳಗಿಟ್ಟಳು. ನಾನು ಬೇಕೆಂದೇ ಈಶಾನನ ಪಾದಕ್ಕೆ ನನ್ನ ಪಾದ ತಾಗಿಸಿದೆ. ಅವನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹಣೆ ಚಚ್ಚಿಕೊಂಡ. "ಅಯ್ಯ ಶಿವನ! ನಮ್ಮ ಅಜ್ಜಿ ಗುರುಬಸವ್ವಾಯಿ ಇದನ್ನ ಹೊಡದು ಹೊಡದು ಕಲಿಸ್ಯಾಳ್ರಿ ನನಗ. ಎರಡು ತಿಂಗಳು ನೋಡೇ ನೋಡೀನಿ, ಕಣ್ಣಿಗೇನ ಮಣ್ಣ ಬಿದ್ದಿತ್ತು?"

ಮಾರ್ಲೂಸ್ ಹತ್ತು ವಿಡಿಯೋ ತಾನೇ ನೋಡಿದಳು. ಇದು ನಿಧಾನವಲ್ಲ, ನಮ್ಮ ಗುರುತು ತಪ್ಪು, ಮೂವತ್ತೆಂಟನ್ನೂ ತೆಗೆಯಿರಿ, ಕ್ಲಬ್ಬು ಬೇಕಾದರೆ ಒಂದು ತಿಂಗಳಲ್ಲಿ ಬಿಡಿಸಿಕೊಳ್ಳುತ್ತದೆ ಎಂದಳು. ಕ್ಲಬ್ಬಿನವರೂ ಒಪ್ಪಿದರು.

ಈಗ ಅವಳು ಪಟ್ಟಿಯಲ್ಲಿ ಎಲ್ಲಿದ್ದಾಳೆಂದು ಬರೆಯುವಂತಿಲ್ಲ. ಹದಿನೇಳು ಎಂದು ಬರೆದದ್ದೇ ತಪ್ಪಾಗಿತ್ತು, ಹೊರಗೆ ಹೇಳುವುದಿಲ್ಲವೆಂದು ಈಗ ಸಹಿ ಹಾಕಿಸಿಕೊಂಡಿದ್ದಾರೆ. ಆದರೆ ನಿಶ್ಚಿಂತೆಯಿಂದಿರು. ಅವಳು ಹೇಗೆ ಆಡುತ್ತಿದ್ದಾಳೋ ಹಾಗೇ ಆಡಲಿ, ಬೇರೇನೂ ಬೇಡ.

ನಿನಗೆ ಬರೆದಿದ್ದೇನೆಂಬುದನ್ನು ಮಾತ್ರ ಅವರಿಗೆ ಹೇಳಲಿಲ್ಲ. ಹೇಳುವ ಅಗತ್ಯ ಬರಲಾರದು ಎಂದುಕೊಂಡೆ.

ಇಲ್ಲಿ ಈಗ ಹತ್ತು ಗಂಟೆಯವರೆಗೂ ಬೆಳಕು. ಕಾಲುವೆಯ ಪಕ್ಕ ಸೈಕಲ್ ತಳ್ಳಿಕೊಂಡು ಮನೆಗೆ ನಡೆದೇ ಬಂದೆ.

ನಿನ್ನ
ಪದ್ಮಿನಿ

*

ನ್ಯೂವೆಗೈನ್
14 ಜುಲೈ 2025

ನಾಗಮಣಿ,

ನಿನ್ನ ಜೂನ್ ಇಪ್ಪತ್ತರ ಕಾಗದ ಇವತ್ತು ಬಂತು. ಓದಿದ ತಕ್ಷಣ ಫೋನ್ ಮಾಡಿದೆ, ನೀನು ಬ್ಲಾಕ್ ಮಾಡಿದ್ದು ಮರೆತು. ಗೋವಿಂದರಾಜು ಫೋನಿನಿಂದ ಮಾಡಿದೆ, ಅದನ್ನೂ ಬ್ಲಾಕ್ ಮಾಡಿದ್ದೀ. ಆಫೀಸಿನ ಫೋನಿನಿಂದ ಮಾಡಿದರೆ ನೀನು ಎತ್ತಲಿಲ್ಲ. ನಿನ್ನ ಹಳೆಯ ಇಮೇಲಿಗೆ ಬರೆದರೆ ಅಂಥ ವಿಳಾಸವೇ ಇಲ್ಲವೆಂದು ವಾಪಸ್ ಬಂತು. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

ನಿಲ್ಲಿಸಿ. ಹಿತ್ತಲಿನ ಅಭ್ಯಾಸ ನಿಲ್ಲಿಸಿ. ಗುರುತುಗಳನ್ನು ತೆಗೆದಾಗಿದೆ. ಅವಳು ಮೊದಲಿನ ಹಾಗೆಯೇ ಆಡಬೇಕು.

ಜುಲೈ ಮೊದಲ ವಾರದ ಪಂದ್ಯ ಈಶಾನ್ ನೋಡಿದ. ನನಗೆ ಹೇಳಬಾರದು, ಆದರೂ ನನ್ನ ಮೇಜಿನ ಹತ್ತಿರ ಬಂದು ನಿಂತ. "ಮೇಡಂ, ಆಕಿ ಕಣ್ಣಿಗೆ ಕೈ ಒಯ್ಯಾಕತ್ತಿಲ್ರಿ. ಆದ್ರ ಗದ್ದಲದಾಗೂ ಹೋಗಾಕತ್ತಿಲ್ಲ."

ಪದ್ಮಿನಿ

*

ಬೆಂಡಿಗೋ
5 ಆಗಸ್ಟ್ 2025

ಪದ್ಮಿನಿ,

ಕೊರಿಯರ್ ಇಪ್ಪತ್ತೊಂದಕ್ಕೆ ಬಂತು, ನಿನ್ನ ಜೂನಿನ ಕಾಗದ ಅದರ ಮಾರನೇ ದಿನ. ಎರಡನ್ನೂ ಹಿತಾಗೆ ಓದಿ ಹೇಳಿದೆ.

ಅವಳು ಮೊದಲಿನ ಹಾಗೆ ಆಡಲು ಪ್ರಯತ್ನಪಡುತ್ತಿದ್ದಾಳೆ. ಮೊದಲು ಅವಳಿಗೆ ಕೈಯ ನೆನಪೇ ಇರಲಿಲ್ಲ, ಹೋಗುತ್ತಿತ್ತು, ಬರುತ್ತಿತ್ತು. ಈಗ ಪಂದ್ಯದುದ್ದಕ್ಕೂ ಅವಳಿಗೆ ತನ್ನ ಕಾಲೇ ಕಾಣುತ್ತಿರುತ್ತದಂತೆ. ಯಾರಿಗೆ ತಾಗೀತು, ತಾಗಿದರೆ ಮುಟ್ಟಬೇಕೋ ಬೇಡವೋ. ತಾಗದಂತೆ ಓಡುವುದೇ ಸುಲಭ ಎಂದು ಪಕ್ಕಕ್ಕೆ ಸರಿಯುತ್ತಾಳೆ. ಚೆಂಡು ಗುಂಪಿನೊಳಗೆ ಇರುತ್ತದೆ, ಇವಳು ಹೊರಗೆ. ಕೋಚು ಕರೆದು, ಎಲ್ಲಾದರೂ ನೋವಿದೆಯಾ ಎಂದು ಕೇಳಿದರು. ಇಲ್ಲ ಎಂದಳಂತೆ. ಇದೆ ಎಂದಿದ್ದರೆ ಚೆನ್ನಾಗಿತ್ತು, ನೋವಿಗಾದರೂ ಮದ್ದು ಇರುತ್ತದೆ.

ರಮೇಶ ತಾನೇ ಹಾಳುಮಾಡಿದೆ ಎಂದು ಕೊರಗುತ್ತಾನೆ. ನಾನು ಹೇಳಿದ್ದರಿಂದ ಎಂದು ನಾನು. ಅವಳು ನಮ್ಮಿಬ್ಬರಿಗೂ, "ಸ್ಟಾಪ್ ಇಟ್, ನೀವಿಬ್ರೂ" ಎಂದು ರೂಮಿನ ಬಾಗಿಲು ಹಾಕಿಕೊಂಡಳು.

ನಿನ್ನ ಹೆಸರು ಯಾರೂ ಎತ್ತಲಿಲ್ಲ. ಅದನ್ನು ನೀನೇ ನೋಡಿಕೋ.

ನಾಗಮಣಿ

*

ನ್ಯೂವೆಗೈನ್
30 ಸೆಪ್ಟೆಂಬರ್ 2025

ನಾಗಮಣಿ,

ಇವತ್ತು ಕೊನೆಯ ಪಟ್ಟಿ ಹೋಯಿತು.

ಬೆಳಿಗ್ಗೆ ಸಭೆಗೆ ಮೊದಲೇ ಮಾರ್ಲೂಸಳ ಮುಂದೆ ಕೂತು ಎಲ್ಲ ಹೇಳಿದೆ. ಜೂನ್ ಒಂದನೇ ತಾರೀಖು ನಾನು ಆ ಹುಡುಗಿಯ ತಾಯಿಗೆ ಬರೆದೆ, ಅವಳ ಆಟ ಕೆಟ್ಟದ್ದು ಅದರಿಂದ, ಅದಕ್ಕೆ ಮೊದಲಿನ ಆಟವೇ ಅವಳ ನಿಜವಾದ ಆಟ, ಅದನ್ನೇ ಲೆಕ್ಕಕ್ಕೆ ಹಿಡಿಯಿರಿ, ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಯಿರಿ ಎಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಮೇಲಿತ್ತು. "ನಿನ್ನನ್ನು ನಂಬುತ್ತೇನೆ. ಕ್ಲಬ್ಬಿಗೂ ತಿಳಿಸುತ್ತೇನೆ. ಆದರೆ ಅವರು ಕಾರಣವನ್ನು ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ, ಆಟಗಾರ್ತಿಯನ್ನು ಸೇರಿಸಿಕೊಳ್ಳುತ್ತಾರೆ" ಎಂದಳು. ಕೆಲಸದ ಬಗ್ಗೆ ಮುಂದಿನ ವಾರ ಮಾತಾಡೋಣ ಎಂದಳು.

ಸಭೆಯ ಕೋಣೆಗೆ ಗಾಜಿನ ಗೋಡೆ. ಹೊರಗೆ ನನ್ನ ಮೇಜಿನಲ್ಲಿ ಕೂತು ಬೇರೆ ಯಾವುದೋ ದೇಶದ ಹಾಕಿ ಪಂದ್ಯ ತೆರೆದಿಟ್ಟುಕೊಂಡು ಅವರ ಕೈಗಳನ್ನೇ ನೋಡುತ್ತಿದ್ದೆ. ಪರದೆಯ ಮೇಲೆ ಕ್ಲಬ್ಬಿನ ಇಬ್ಬರು. ಈಶಾನ್ ಎದ್ದು ನಿಂತು ಬಹಳ ಹೊತ್ತು ಮಾತಾಡಿದ. ಎರಡು ಸಲ ಬೋರ್ಡಿಗೆ ಹೋಗಿ ಏನೋ ಬರೆದ. ಪರದೆಯ ಮೇಲಿನವರಲ್ಲಿ ಒಬ್ಬ ತಲೆಯಾಡಿಸುತ್ತಲೇ ಇದ್ದ, ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಮಾರ್ಲೂಸ್ ಎದ್ದು ಬೋರ್ಡು ಒರೆಸಿದಳು.

ಈಶಾನ್ ಹೊರಗೆ ಬಂದವನು ನೀರು ಕುಡಿದು, "ನಿಮ್ಮ ಕೂಡ ಜಗಳಾಡಿದಂಗ ಅವರ ಕೂಡ ಆಡೀನ್ರಿ, ಆರನೇ ಸಂಖ್ಯಾ ಬಿಟ್ಟು ನಿಮ್ಮಾಕಿ ಸಲುವಾಗಿ" ಎಂದ. ಲೋಟ ತೊಳೆದಿಟ್ಟು ತನ್ನ ಮೇಜಿಗೆ ಹೋದ.

ಬೇರೆ ಕ್ಲಬ್ಬುಗಳಿವೆ. ಅವುಗಳ ಪಟ್ಟಿ ಬೇರೆಯವರು ಮಾಡುತ್ತಾರೆ.

ಪದ್ಮಿನಿ

*

ಬೆಂಡಿಗೋ
17 ಡಿಸೆಂಬರ್ 2025

ಪದ್ಮಿನಿ,

ನಿನಗೆ ಈಗಾಗಲೇ ಗೊತ್ತಿರುತ್ತದೆ.

ಕೋಚಿನ ಮನೆಯಲ್ಲಿ ಎಲ್ಲ ಹುಡುಗಿಯರನ್ನೂ ಅಪ್ಪ ಅಮ್ಮಂದಿರನ್ನೂ ಕರೆದಿದ್ದರು. ದೊಡ್ಡ ಟಿ.ವಿ., ಪಿಜ್ಜಾ. ಅವಳು ಹೊಸ ಶರ್ಟು ಹಾಕಿಕೊಂಡಿದ್ದಳು. ಇವಳ ತಂಡದ ಇಬ್ಬರ ಹೆಸರು ಬಂತು. ಇವಳು ಎರಡು ಸಲವೂ ಎದ್ದು ಹೋಗಿ ಅವರನ್ನು ತಬ್ಬಿಕೊಂಡಳು. ಕೊನೆಯ ಹೆಸರು ಕೂಗಿದ ಮೇಲೂ ಟಿ.ವಿ.ಯಲ್ಲಿ ಮಾತು ನಡೆದೇ ಇತ್ತು, ಯಾರೂ ಅದನ್ನು ಆರಿಸಲಿಲ್ಲ. ರಮೇಶ ಕಾರಿನ ಬೀಗದ ಕೈ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ.

ದಾರಿಯಲ್ಲಿ ಅವಳು ಕೇಳಿದ್ದು ಒಂದೇ. ನಾನು ಹೇಳಿಕೊಟ್ಟಿದ್ದಲ್ಲ, ಅವಳದೇ ಪ್ರಶ್ನೆ. "ಪದ್ಮಿನಿ ಆಂಟಿ ಲಿಸ್ಟ್‌ನಲ್ಲಿ ನಾನು ಎಷ್ಟನೆಯವಳಿದ್ದೆ? ಜೂನ್‌ನಲ್ಲಿ, ತಪ್ಪು ತೆಗೆದ ಮೇಲೆ." ನನಗೆ ಗೊತ್ತಿಲ್ಲ ಎಂದೆ. "ಕೇಳು. ಬರೀ ನಂಬರ್ ಸಾಕು" ಎಂದಳು.

ನೀನು ಸಹಿ ಹಾಕಿದ್ದು ನನಗೆ ನೆನಪಿದೆ. ಏನು ಉತ್ತರ ಬಂದರೆ ಅವಳಿಗೆ ಒಳ್ಳೆಯದೆಂದು ನನಗೆ ತಿಳಿಯದು. ಯೋಚಿಸಿ ಯೋಚಿಸಿ ಸಾಕಾಯಿತು. ಕೇಳಿದ್ದಾಳೆ, ದಾಟಿಸಿದ್ದೇನೆ.

ನಾಗಮಣಿ

*

ನ್ಯೂವೆಗೈನ್
4 ಜನವರಿ 2026

ಪ್ರೀತಿಯ ಹಿತಾ,

ನಿನ್ನ ಅಮ್ಮನ ಕೈಗೆ ಇದು ಬರುತ್ತದೆ, ಅವಳು ಓದಿ ಹೇಳುತ್ತಾಳೆ.

ಮೊದಲು ಒಂದು ಕಾಗದ ಬರೆದೆ. ಅದರಲ್ಲಿ ಹನ್ನೊಂದು ಎಂದಿತ್ತು. ಹನ್ನೊಂದಾದರೆ ಹೇಗೂ ಆಗುತ್ತಿರಲಿಲ್ಲ ಎಂದುಕೊಂಡು ನೀನು ಈ ವರ್ಷ ನೆಮ್ಮದಿಯಾಗಿ ಕಾಲೇಜು ಸೇರುತ್ತೀ ಎಂದು ಲೆಕ್ಕ ಹಾಕಿದ್ದೆ. ಅದನ್ನು ಹಿಡಿದು ಅಂಚೆ ಡಬ್ಬಿಯವರೆಗೂ ಹೋದೆ. ಗಾಳಿ ಜೋರಾಗಿತ್ತು, ಡಬ್ಬಿಯ ಬಾಯಿಗೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ನಿನ್ನ ಬಗ್ಗೆ ನಾನು ನಲವತ್ತೊಂದು ಗುರುತು ಹಾಕಿದೆ, ನಿನ್ನನ್ನು ಕೇಳದೆ. ನಿನ್ನ ಅಮ್ಮನಿಗೆ ಬರೆದೆ, ನಿನ್ನನ್ನು ಕೇಳದೆ. ನೀನಾಗಿಯೇ ಕೇಳಿದ್ದು ಇದೊಂದನ್ನು.

ಕ್ಲಬ್ಬು ನಮ್ಮ ಪಟ್ಟಿಯಿಂದ ಮೊದಲ ಮೂವರನ್ನು ತೆಗೆದುಕೊಂಡಿತು. ಜೂನ್ ಇಪ್ಪತ್ತಾರರಂದು ನೀನು ಎರಡನೆಯವಳಾಗಿದ್ದೆ.

ಪದ್ಮಿನಿ